ಮಿಂಟ್ ಐಎಸ್‌ಒ ಚೆಕ್‌ಸಮ್ ತಾಳೆ ಆಗುತ್ತಿಲ್ಲ, ಮತ್ತೆ ಪೂರ್ತಿ ಇಳಿಸಬೇಕಾ?

ಪ್ರಶ್ನೆ (ಜಮಖಂಡಿ): ನಮಸ್ಕಾರ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕೋಣ ಅಂತ ಅದರ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಇಳಿಸಿಕೊಂಡೆ. ನಡುವೆ ಕರೆಂಟ್ ಹೋಯಿತು, ಆಮೇಲೆ ರೆಸ್ಯೂಮ್ ಒತ್ತಿ ಮುಗಿಸಿದೆ. ಫೈಲ್ ಸರಿಯಿದೆಯಾ ಅಂತ ನೋಡಲು ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಕಮಾಂಡ್ ಓಡಿಸಿದರೆ ಬರುವ ಹ್ಯಾಶ್ (ಚೆಕ್‌ಸಮ್, ಅಂದರೆ ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಅಕ್ಷರಸಾಲು), ಮಿಂಟ್ ತಾಣದಲ್ಲಿ ಇರುವುದಕ್ಕೆ ಹೊಂದುತ್ತಿಲ್ಲ. ಅವರದು ಉದ್ದ, ನಂದು ಗಿಡ್ಡ. ನಾನಿರುವುದು ಮೊಬೈಲ್ ಡೇಟಾ ಮೇಲೆ. ಮೊದಲಿಂದ ಇಳಿಸಬೇಕಾ ಅಣ್ಣಾ?

ಉತ್ತರ (ಬೆಳಗಾವಿ): ತಡೀರಿ, ಅಳಿಸಬೇಡಿ. ಗಿಡ್ಡ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಎಣಿಸಿ ನೋಡಿ, 40 ಅಕ್ಷರ ಇರಬೇಕು. ಯಾವ ಹ್ಯಾಶ್ ಬೇಕು ಅಂತ ಹೇಳದಿದ್ದರೆ ಸರ್ಟ್‌ಯುಟಿಲ್ ಎಸ್‌ಎಚ್‌ಎ-1 ಲೆಕ್ಕ ಹಾಕುತ್ತದೆ. ಮಿಂಟ್‌ನವರು ಕೊಡುವುದು ಎಸ್‌ಎಚ್‌ಎ-256, ಅದು 64 ಅಕ್ಷರ. ಕಮಾಂಡಿನ ಕೊನೆಗೆ, ಫೈಲ್ ಹೆಸರಾದ ಮೇಲೆ, ಎಸ್‌ಎಚ್‌ಎ256 ಅಂತ ಸೇರಿಸಿ ಮತ್ತೆ ಓಡಿಸಿ. ತಾಣದಲ್ಲಿ ನಿಮ್ಮ ಎಡಿಷನ್ನಿನ ಸಾಲನ್ನೇ ನೋಡಿ. ಸಿನಮನ್‌ಗೆ ಬೇರೆ, ಎಕ್ಸ್‌ಎಫ್‌ಸಿಇಗೆ ಬೇರೆ.

ಜಮಖಂಡಿ: ಈಗ 64 ಬಂತು, ಸಾಲೂ ಸರಿಯಾಗಿದೆ. ಆದರೂ ಹೊಂದುತ್ತಿಲ್ಲ! ಫೈಲ್ ಸೈಜ್ ಮಾತ್ರ ಸರಿ ಇದೆ.

ಬೆಳಗಾವಿ: ಹಾಗಾದರೆ ಫೈಲ್ ನಿಜಕ್ಕೂ ಕೆಟ್ಟಿದೆ. ಸೈಜ್ ನಂಬಬೇಡಿ, ಒಳಗಿನ ಬೈಟ್ ಬದಲಾದರೂ ಸೈಜ್ ಹಾಗೇ ಇರಬಹುದು. ಒಂದೇ ಒಂದು ಬಿಟ್ ತಪ್ಪಿದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಅದಕ್ಕೇ ಎಲ್ಲಿ ಕೆಟ್ಟಿದೆ, ಎಷ್ಟು ಕೆಟ್ಟಿದೆ ಅಂತ ಅದರಿಂದ ತಿಳಿಯುವುದಿಲ್ಲ.

ಟೊರೆಂಟ್‌ನಿಂದ (ಬೇರೆ ಬೇರೆ ಜನರ ಕಂಪ್ಯೂಟರಿನಿಂದ ತುಣುಕು ತುಣುಕಾಗಿ ಇಳಿಸುವ ವಿಧಾನ) ತಿಳಿಯುತ್ತದೆ. ಅದರಲ್ಲಿ ಫೈಲನ್ನು ತುಣುಕು ಮಾಡಿ ಪ್ರತಿ ತುಣುಕಿಗೂ ಹ್ಯಾಶ್ ಇಟ್ಟಿರುತ್ತಾರೆ. ಮಿಂಟ್ ತಾಣದಿಂದ ಅದೇ ಆವೃತ್ತಿಯ ಟೊರೆಂಟ್ ಫೈಲ್ ತಗೊಂಡು ಕ್ಯೂಬಿಟ್‌ಟೊರೆಂಟ್ ಅನ್ನುವ ಟೊರೆಂಟ್ ಸಾಫ್ಟ್‌ವೇರಿಗೆ ಹಾಕಿ. ಸೇವ್ ಮಾಡುವ ಜಾಗ ಕೇಳಿದಾಗ ನಿಮ್ಮ ಐಎಸ್‌ಒ ಇರುವ ಫೋಲ್ಡರನ್ನೇ ತೋರಿಸಿ. ಫೈಲ್ ಹೆಸರು ಎರಡೂ ಕಡೆ ಒಂದೇ ಇರಲಿ. ಆಮೇಲೆ ಫೋರ್ಸ್ ರೀಚೆಕ್ (ಇರುವ ಫೈಲನ್ನು ಮತ್ತೆ ಪರೀಕ್ಷಿಸುವ ಆಯ್ಕೆ) ಕೊಡಿ. ಚೆನ್ನಾಗಿರುವ ತುಣುಕುಗಳನ್ನು ಹಾಗೇ ಬಿಟ್ಟು ಕೆಟ್ಟವನ್ನಷ್ಟೇ ಇಳಿಸುತ್ತದೆ. ನೆಟ್ ನಿಧಾನ ಇರುವ ಕಡೆ ಇದಕ್ಕಿಂತ ಒಳ್ಳೇ ದಾರಿ ನನಗಂತೂ ಕಂಡಿಲ್ಲ. ಮುಗಿದ ಮೇಲೆ ಅಪ್‌ಲೋಡ್ ನಿಲ್ಲಿಸಿ, ಇಲ್ಲದಿದ್ದರೆ ಸುಮ್ನೆ ಡೇಟಾ ಹೋಗುತ್ತದೆ.

ವಿಜಯಪುರ: ಒಂದು ಮಾತು ಸೇರಿಸುತ್ತೇನೆ. 2016ರ ಫೆಬ್ರುವರಿಯಲ್ಲಿ ಮಿಂಟ್ ತಾಣಕ್ಕೇ ಯಾರೋ ನುಗ್ಗಿ, ಡೌನ್‌ಲೋಡ್ ಲಿಂಕನ್ನು ಕಳ್ಳ ಐಎಸ್‌ಒ ಕಡೆ ತಿರುಗಿಸಿದ್ದರು. ತಾಣಕ್ಕೇ ನುಗ್ಗಿದವರು ಅಲ್ಲಿರುವ ಚೆಕ್‌ಸಮ್ಮನ್ನೂ ಬದಲಿಸಬಹುದು, ಅಲ್ವಾ? ಅದಕ್ಕೇ ಚೆಕ್‌ಸಮ್ ಫೈಲಿನ ಜೊತೆ ಜಿಪಿಜಿ ಸಹಿ (ಫೈಲ್ ಮಿಂಟ್‌ನವರದ್ದೇ ಅಂತ ತೋರಿಸುವ ಡಿಜಿಟಲ್ ಸಹಿ) ಕೊಟ್ಟಿರುತ್ತಾರೆ. ದಯವಿಟ್ಟು ಅದನ್ನೂ ಪರೀಕ್ಷಿಸಿ.

ಜಮಖಂಡಿ: ರೀಚೆಕ್ ಮಾಡಿದೆ ಅಣ್ಣಾ, ಬಹುಪಾಲು ಸರಿಯೇ ಇತ್ತು. ಉಳಿದ ಸ್ವಲ್ಪ ಇಳಿಯಿತು, ಈಗ 64 ಅಕ್ಷರವೂ ತಾಳೆ. ಇಬ್ಬರಿಗೂ ಧನ್ಯವಾದ. ಸಹಿ ನೋಡಿದ ಮೇಲೆಯೇ ಪೆನ್‌ಡ್ರೈವಿಗೆ ಹಾಕುತ್ತೇನೆ.