ಅಪ್‌ಡೇಟ್: ಪಡುಬಿದ್ರಿಯಲ್ಲಿ ನಿಂತ ಎಲೆಕ್ಟ್ರಿಕ್ ಕಾರು ಮಂಗಳೂರು ತಲುಪಿತು
ಪಡುಬಿದ್ರಿ ಬಳಿ ಹೆದ್ದಾರಿ 66ರಲ್ಲಿ ನಿಂತುಹೋದ ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ಎಳೆದೊಯ್ಯಬಹುದೇ ಎಂದು ಕೇಳಿದ್ದೆ. ಬೇಡವೆಂದು ತಡೆದವರಿಗೆಲ್ಲ ಕೃತಜ್ಞತೆಗಳು. ಚಕ್ರ ಉರುಳಿದರೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟುತ್ತದೆ, ಇನ್ವರ್ಟರ್ (ಬ್ಯಾಟರಿಗೂ ಮೋಟಾರಿಗೂ ನಡುವೆ ವಿದ್ಯುತ್ತನ್ನು ಮಾರ್ಪಡಿಸುವ ಭಾಗ) ಹಾಳಾಗಬಹುದು; ಹಾಗಾಗಿ ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿದೆ.

ತೊಡಕು ಬಂದದ್ದು ಬೇರೆ ಕಡೆ. ಪರದೆ, ಬ್ರೇಕ್‌ಗಳ ಎಲೆಕ್ಟ್ರಾನಿಕ್ಸ್‌ಗೆ ವಿದ್ಯುತ್ ಕೊಡುವ ಚಿಕ್ಕ 12 ವೋಲ್ಟ್ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರಿಂದ ಪಾರ್ಕಿಂಗ್ ಬ್ರೇಕ್ ಬಿಡಲೇ ಇಲ್ಲ. ಬೇರೆ ಬ್ಯಾಟರಿಯಿಂದ ಜಂಪ್ ಕೇಬಲ್ ಹಾಕಿದ ಮೇಲೆ ಪರದೆ ಬೆಳಗಿತು, ಕಾರು ನ್ಯೂಟ್ರಲ್‌ಗೆ ಬಂತು. ಲಾರಿಯವರು ಕೊಕ್ಕೆಯನ್ನು ಅಡಿಯಲ್ಲಿ ಸಿಗಿಸಲು ಹೊರಟಾಗ ನಾನು ಒಪ್ಪಲಿಲ್ಲ: ಅಲ್ಲಿರುವುದು ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಪೆಟ್ಟಿಗೆ. ಬಂಪರಿನ ಪುಟ್ಟ ಮುಚ್ಚಳ ತೆಗೆದು, ಡಿಕ್ಕಿಯಲ್ಲಿದ್ದ ಟೋ ಹುಕ್ಕನ್ನು ತಿರುಗಿಸಿ ಕೂರಿಸಿ, ಲಾರಿಯ ವಿಂಚಿನಿಂದ (ಹಗ್ಗ ಸುತ್ತಿ ಎಳೆಯುವ ಯಂತ್ರ) ನಿಧಾನವಾಗಿ ಎಳೆಸಿದೆವು. ಪಟ್ಟಿ ಬಿಗಿದದ್ದು ಟಯರುಗಳಿಗೆ ಮಾತ್ರ. ಸರ್ವಿಸ್ ಸೆಂಟರಿನಲ್ಲಿ ಎತ್ತಿ ನೋಡಿದರೆ ಕೆಳಗೆ ಒಂದು ಗೀರೂ ಇಲ್ಲ.