ಪಾರ್ಕಿನ ಜಿಯೋಕ್ಯಾಶ್: ಹುಡುಕುವವರೆಲ್ಲ ಬೇರೆ ಜಾಗಕ್ಕೆ ಹೋಗ್ತಿದ್ದಾರೆ, ಲಾಗ್ ಶೀಟ್ ಬೇರೆ ಒದ್ದೆ

ಪ್ರಶ್ನೆ:
ಬೆಂಗಳೂರಿನ ಹೊರವಲಯದ ಬಡಾವಣೆ ಪಾರ್ಕು. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಅಡಿ ನನ್ನ ಜಿಯೋಕ್ಯಾಶ್ (ಕ್ಯಾಶ್) ಇದೆ, ಅಂದರೆ ಜಿಪಿಎಸ್ ಅಂಕಿ ನೋಡಿ ಹುಡುಕುವ ಆಟಕ್ಕೆ ಬಚ್ಚಿಟ್ಟ ಡಬ್ಬಿ. ನಾನಿಟ್ಟಿದ್ದು 35 ಎಂಎಂ ಫಿಲ್ಮ್ ಡಬ್ಬಿ. ಒಬ್ಬರನ್ನು ಬಿಟ್ಟು ಬಂದವರೆಲ್ಲ ಸುಮಾರು 60 ಮೀಟರ್ ನೈರುತ್ಯಕ್ಕೆ, ಜಾರುಬಂಡೆ ಹತ್ತಿರ ತಡಕಾಡಿ ಸಿಗಲಿಲ್ಲ ಅಂತ ಬರೀತಿದ್ದಾರೆ. ಆ ಜಾಗದ ಅಕ್ಷಾಂಶ, ರೇಖಾಂಶದಲ್ಲಿ ನಿಮಿಷದ ನಂತರ ಫೋನ್ ತೋರಿಸಿದ್ದು ಉತ್ತರ 04″, ಪೂರ್ವ 03″. ಆಟದ ಸೈಟಿನಲ್ಲಿ ಈ ಕ್ಯಾಶ್‌ನ ಪುಟದಲ್ಲಿ ನಾನು ತುಂಬಿದ್ದು .040 ಮತ್ತು .030. ಮರದಿಂದ ಜಿಪಿಎಸ್ ತಪ್ಪುತ್ತಿದೆಯಾ? ಕಂಡುಹಿಡಿದ ಆ ಒಬ್ಬರು, ಸಿಕ್ಕವರು ಹೆಸರು ಬರೆಯೋ ಲಾಗ್ ಶೀಟ್ ನೆಂದು ಮುದ್ದೆಯಾಗಿದೆ ಅಂದರು.

ಉತ್ತರ 1:
ಮರದ ತಪ್ಪಲ್ಲ ಸರ್. ಮರ, ಗೋಡೆಯಿಂದ ಸಿಗ್ನಲ್ ಕೆಟ್ಟರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗ್ತಾರೆ. ಎಲ್ಲರೂ ಒಂದೇ ಕಡೆ ಹೋದರೆ ಅಂಕಿಯೇ ತಪ್ಪು. ಪುಟ ಕೇಳೋದು ದಶಮಾಂಶ ನಿಮಿಷ, ನೀವು ಕೊಟ್ಟಿದ್ದು ಸೆಕೆಂಡು. 60ರಿಂದ ಭಾಗಿಸಿ: 4″ ಅಂದರೆ .067, 3″ ಅಂದರೆ .050. ಉತ್ತರಕ್ಕೆ 49 ಮೀಟರ್, ಪೂರ್ವಕ್ಕೆ 36 ಮೀಟರ್ ಕಡಿಮೆ ಬಿದ್ದಿದೆ. ಓರೆಯಾಗಿ ಅಳೆದರೆ ನಿಮ್ಮ 60 ಮೀಟರ್ ಅದೇ.

ಆದರೆ ಇದನ್ನೇ ತಿದ್ದಿ ಸುಮ್ಮನಾಗಬೇಡಿ. ಒಂದು ಸೆಕೆಂಡ್ ಅಂದರೆ ಸುಮಾರು 31 ಮೀಟರ್, ಸೆಕೆಂಡಿನ ದಶಮಾಂಶ ಇಲ್ಲದ ಅಳತೆ ಒರಟು. ಆ್ಯಪ್ ಸೆಟ್ಟಿಂಗ್‌ನಲ್ಲಿ ದಶಮಾಂಶ ನಿಮಿಷ ಆರಿಸಿ, ಬೆಂಚಿನ ಮೇಲೆ ಫೋನಿಟ್ಟು ಅಂಕಿ ನಿಲ್ಲೋವರೆಗೂ ಕಾಯಿರಿ. ಬೇರೆ ಬೇರೆ ದಿನ ಮೂರ್ನಾಲ್ಕು ಸಲ ಅಳೆದು, ದೂರ ಸಿಡಿದದ್ದನ್ನು ಬಿಟ್ಟು ಸರಾಸರಿ ತೆಗೀರಿ. .001 ಅಂದರೆ ಎರಡು ಮೀಟರಿಗೂ ಕಡಿಮೆ, ಮೂರು ಅಂಕಿ ಸಾಕು.

ಉತ್ತರ 2:
ಒದ್ದೆಗೆ ಕಾರಣ ಡಬ್ಬಿಯೇ. ಫಿಲ್ಮ್ ಡಬ್ಬಿ ಮುಚ್ಚಳಕ್ಕೆ ರಬ್ಬರ್ ಸೀಲ್ ಇರಲ್ಲ, ನಮ್ಮ ಮಳೆಗಾಲ ತಡೆಯಲ್ಲ. ಸಿಲಿಕಾ ಜೆಲ್ ಹಾಕಿ ಪ್ರಯೋಜನವಿಲ್ಲ. ನೀರು ಒಳಗೆ ಬರ್ತಿರೋವಾಗ ಅದು ಬೇಗ ಸೋತುಹೋಗುತ್ತೆ. ನಾಲ್ಕೂ ಕಡೆ ಕ್ಲಿಪ್, ಸಿಲಿಕೋನ್ ಸೀಲ್ ಇರೋ ಸಣ್ಣ ಪಾರದರ್ಶಕ ಡಬ್ಬಿ ತಗೊಳ್ಳಿ. ಒಳಗೆ ಟಿಶ್ಯೂ ಇಟ್ಟು ಬಕೆಟ್ ನೀರಲ್ಲಿ ರಾತ್ರಿಯಿಡೀ ಮುಳುಗಿಸಿ, ಟಿಶ್ಯೂ ಒಣಗಿದ್ದರೆ ಮಾತ್ರ ಇಡಿ. ಜಿಪ್ ಕವರಿನ ತುದಿ ಮುಚ್ಚಳಕ್ಕೆ ಸಿಕ್ಕಿಕೊಂಡರೂ ಸೋರುತ್ತೆ, ಕವರ್ ಚಿಕ್ಕದಿರಲಿ. ಪೆನ್ ಬೇಡ, ಪೆನ್ಸಿಲ್ ಇಡಿ.

ಡಬ್ಬಿ ಮೇಲೆ ಕನ್ನಡದಲ್ಲೂ ‘ಇದು ಜಿಯೋಕ್ಯಾಶ್ ಆಟದ ಡಬ್ಬಿ, ಅಪಾಯವಿಲ್ಲ’ ಅಂತ ಚೀಟಿ ಅಂಟಿಸಿ. ಪಾರ್ಕ್ ನೋಡಿಕೊಳ್ಳೋರ ಅನುಮತಿ ಇಲ್ಲದಿದ್ದರೆ ಮೊದಲು ಅದನ್ನು ಪಡೀರಿ. ಬೆಂಚಿನಡಿ ಅನುಮಾನಾಸ್ಪದ ವಸ್ತು ಅಂತ ಯಾರಾದರೂ ಪೊಲೀಸರಿಗೆ ಫೋನ್ ಮಾಡೋದು ತಮಾಷೆಯಲ್ಲ.

ಪ್ರಶ್ನೆ ಕೇಳಿದವರು:
ಅಂಕಿ ಬದಲಿಸೋಕೆ ಹೊಸ ಪುಟವೇ ಮಾಡಬೇಕಾ?

ಉತ್ತರ 1:
ಬೇಡ. 161 ಮೀಟರ್ ಒಳಗಿನ ಬದಲಾವಣೆಯನ್ನು ಕ್ಯಾಶ್ ಮಾಲೀಕರೇ ಅದೇ ಪುಟದಲ್ಲಿ ಲಾಗ್ ಬರೆದು ಮಾಡಬಹುದು. ಪಕ್ಕದ ಕ್ಯಾಶ್‌ನಿಂದ 161 ಮೀಟರ್ ಅಂತರ ಉಳಿದಿದೆಯಾ ಅಂತ ಮಾತ್ರ ಮ್ಯಾಪಿನಲ್ಲಿ ನೋಡಿಕೊಳ್ಳಿ.