ಬೋರಿಂಗ್ ಆಗಿ ಬಂದ ಎಂಜಿನ್ ಬ್ಲಾಕನ್ನು ಎಷ್ಟು ತೊಳೆಯಬೇಕು? ಅನುಭವ ತಿಳಿಸಿ

ಪ್ರಶ್ನೆ (ದಾವಣಗೆರೆ): ನನ್ನ ಪಿಕಪ್ ವಾಹನದ ಎಂಜಿನ್ ಬ್ಲಾಕ್ ಬೋರಿಂಗ್ (ಸಿಲಿಂಡರ್ ಕೊರೆದು ಅಗಲಿಸುವುದು), ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸುವುದು) ಮುಗಿದು ಬಂದಿದೆ. ಒಳಗೆ ಬೆರಳಾಡಿಸಿದರೆ ಬೂದು ಪುಡಿ ಅಂಟುತ್ತದೆ. ಡೀಸೆಲ್‌ನಲ್ಲಿ ಒಮ್ಮೆ ತೊಳೆದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ತಿಳಿದವರು ದಯವಿಟ್ಟು ಬರೆಯಿರಿ.

ಲಾರಿ ಮಾಲೀಕ, ಚಳ್ಳಕೆರೆ: ಸಾಕೆಂದು ನಾನೂ ನಂಬಿದ್ದೆ. ಫುಲ್ ಎಂಜಿನ್ ಕೆಲಸಕ್ಕೆ 1,38,400 ರೂಪಾಯಿ ಸುರಿದು, ಶೇಂಗಾ ಹೇರಿಕೊಂಡು ಹೊರಟ ಮೂರನೆಯ ಬಾಡಿಗೆಯಲ್ಲಿಯೇ, ಹಿರಿಯೂರು ದಾಟುವಷ್ಟರಲ್ಲಿ ಆಯಿಲ್ ಮೀಟರಿನ ಮುಳ್ಳು ಇಳಿದು ಕೆಳಗಿನಿಂದ ಕಟಕಟ ಶಬ್ದ ಬರತೊಡಗಿತು. ಗ್ರೈಂಡಿಂಗ್ ಆದ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಆಯಿಲ್ ರಂಧ್ರಗಳಲ್ಲಿ ಉಳಿದಿದ್ದ ಚೂರುಗಳು ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್‌ಗಳಾದ ಬಿಗ್ ಎಂಡ್ ಶೆಲ್‌ಗಳನ್ನು ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿ ಗೀರಿದ್ದವು. ಮತ್ತೆ ಗ್ರೈಂಡಿಂಗಿಗೆ 6,500, ಶೆಲ್‌ಗಳಿಗೆ 4,200, ಆಯಿಲ್ ಪಂಪಿಗೆ 5,800, ಎಳೆದು ತಂದವರಿಗೆ 9,000. ಇಪ್ಪತ್ತಾರು ದಿನ ಬಾಡಿಗೆ ಇರಲಿಲ್ಲ. ಕಂತು ಮಾತ್ರ ನಿಲ್ಲಲಿಲ್ಲ.

ಲೇತ್ ಕೆಲಸಗಾರ, ಹರಿಹರ: ನಮ್ಮ ತಂದೆ ಇಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ಜೋಡಿಸಿದವರು, ಚೂರು ಒರೆಸದ ಕೈಗೆ ಅವರು ಮೈಕ್ರೋಮೀಟರ್ ಕೊಡುತ್ತಿರಲಿಲ್ಲ. ಶೆಲ್‌ಗೂ ಕ್ರ್ಯಾಂಕಿಗೂ ನಡುವಿನ ಸಂದು ಸುಮಾರು 0.05 ಮಿ.ಮೀ. ಮಾತ್ರ. ಹೋನಿಂಗ್ ಕಲ್ಲಿನ ಪುಡಿ ಗೆರೆಗಳಲ್ಲಿ ಕಚ್ಚಿಕೊಂಡಿರುವುದರಿಂದ ಡೀಸೆಲ್ ಅದನ್ನು ಪೂರ್ತಿ ಎಬ್ಬಿಸಲಾರದು. ನಾನು ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ದಾರಿಯ) ಪ್ಲಗ್‌ಗಳನ್ನೆಲ್ಲ ಬಿಚ್ಚಿಸಿ, ಉದ್ದನೆಯ ಬ್ರಷ್ ಹಾಯಿಸಿ, ಬಿಸಿನೀರು ಮತ್ತು ಸೋಪಿನಲ್ಲಿ ಉಜ್ಜಿ, ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಬ್ಲಾಕನ್ನು ಬಿಡುವುದಿಲ್ಲ. ಒಣಗಿದ ಕೂಡಲೇ ಆಯಿಲ್ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಚಳ್ಳಕೆರೆಯವರೇ, ನೀವು ಕ್ರ್ಯಾಂಕಿನ ಪ್ಲಗ್ ತೆಗೆಸಿದ್ದಿರಾ?

ಲಾರಿ ಮಾಲೀಕ, ಚಳ್ಳಕೆರೆ: ಹಣ ಕೊಟ್ಟವನೇ ಪ್ಲಗ್ ಎಣಿಸುತ್ತ ನಿಲ್ಲಬೇಕೆ? ಕೆಟ್ಟಾಗ ಮಾಲೀಕನನ್ನೇ ದೂರುವುದು ನಿಮ್ಮ ಕಸುಬಿನವರ ಚಾಳಿ.

ಟ್ರ್ಯಾಕ್ಟರ್ ಮಾಲೀಕ, ಜಗಳೂರು: ಇಷ್ಟೊಂದು ಮಡಿ ಏಕೆ? ನನ್ನ ಟ್ರ್ಯಾಕ್ಟರಿನ ಬ್ಲಾಕನ್ನು ಡೀಸೆಲ್‌ನಲ್ಲಿಯೇ ತೊಳೆದದ್ದು. ಟ್ರ್ಯಾಕ್ಟರ್ ಎಂಟು ವರ್ಷಗಳಿಂದ ಮೆಕ್ಕೆಜೋಳದ ಹೊಲ ಉಳುತ್ತಿದೆ. ಚೂರು ಹಿಡಿಯಲು ಫಿಲ್ಟರ್ ಇದೆ, ಕೆಳಗಿನ ಆಯಿಲ್ ಚೇಂಬರಿನ ಬೋಲ್ಟಿನಲ್ಲಿ ಆಯಸ್ಕಾಂತವೂ ಇದೆ.

ಬೋರ್‌ವೆಲ್ ಲಾರಿ ಮಾಲೀಕ, ಹೊಳಲ್ಕೆರೆ: ಆಯಸ್ಕಾಂತ ಅಲ್ಯೂಮಿನಿಯಂ ಚೂರನ್ನು ಹಿಡಿಯುವುದಿಲ್ಲ. ನಾನು ಬ್ಲಾಕ್, ಕ್ರ್ಯಾಂಕ್ ಎಲ್ಲವನ್ನೂ ತೊಳೆಸಿದೆ. ಹಳೆಯ ಆಯಿಲ್ ಕೂಲರನ್ನು ಮಾತ್ರ ಹಾಗೆಯೇ ಕೂರಿಸಿದೆ. ಮೊದಲು ಕೆಟ್ಟಿದ್ದ ಎಂಜಿನ್ನಿನ ಪುಡಿ ಅದರೊಳಗೇ ಅಡಗಿತ್ತು. ಹೊಸ ಟರ್ಬೊ (ಎಂಜಿನ್ನಿಗೆ ಗಾಳಿ ತುಂಬುವ ಭಾಗ) 22,000, ಮತ್ತೊಮ್ಮೆ ಶೆಲ್‌ಗಳು, ಬೇಸಿಗೆಯಲ್ಲಿ ಕೊರೆಯಬೇಕಿದ್ದ ನಾಲ್ಕು ಪಾಯಿಂಟ್‌ಗಳು ಕೈತಪ್ಪಿದವು.

ಲೇತ್ ಕೆಲಸಗಾರ, ಹರಿಹರ: ಜಗಳೂರಿನವರೇ, ಪಂಪ್ ಇರುವುದು ಫಿಲ್ಟರಿಗಿಂತ ಮೊದಲು, ಚೂರು ಅದನ್ನು ಗೀರಿದ ಮೇಲೆಯೇ ಫಿಲ್ಟರಿಗೆ ಬರುತ್ತದೆ. ಚಳಿಯಲ್ಲಿ ಆಯಿಲ್ ಗಟ್ಟಿಯಾಗಿದ್ದಾಗ ಅಥವಾ ಫಿಲ್ಟರ್ ಕಟ್ಟಿಕೊಂಡಾಗ ಫಿಲ್ಟರನ್ನು ತಪ್ಪಿಸಿ ಹೋಗುವ ಬೈಪಾಸ್ ದಾರಿ ತೆರೆದು, ಸೋಸದ ಆಯಿಲ್ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ನಿಮ್ಮ ಫಿಲ್ಟರನ್ನು ಕತ್ತರಿಸಿ, ಮಡಿಕೆ ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ ಆಮೇಲೆ ಬರೆಯಿರಿ.

ಟ್ರ್ಯಾಕ್ಟರ್ ಮಾಲೀಕ, ಜಗಳೂರು: ಫಿಲ್ಟರ್ ನನ್ನದು. ಕತ್ತರಿಸುವುದೂ ಬಿಡುವುದೂ ನನ್ನಿಷ್ಟ.